ನೋವಿಲ್ಲ ಅಂತ ಸುಮ್ಮನಿರಬೇಡಿ: ಕಾರವಾರದ ಓದುಗರೊಬ್ಬರಿಗೆ ದಂತವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾವು ಶಿರಸಿ ಹತ್ತಿರದ ಹಳ್ಳಿಯವರು. ಯಜಮಾನರ ಕೆಲಸದ ಸಲುವಾಗಿ ಎರಡು ವರ್ಷದಿಂದ ಕಾರವಾರದಲ್ಲಿದ್ದೇವೆ. ನನಗೆ 36 ವರ್ಷ. ಎಷ್ಟು ತಿಕ್ಕಿದರೂ ಹಲ್ಲು ಹಳದಿಯಾಗಿಯೇ ಇದೆ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆ. ಹಲ್ಲು ಬಿಳಿ ಮಾಡಿಸಬಹುದಾ? ಯಜಮಾನರಿಗೆ 42, ಶುಗರ್ ಇದೆ. ಹಲ್ಲುಜ್ಜುವಾಗ ರಕ್ತ ಬರುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎಂದು ಅವರು ಒಪ್ಪುತ್ತಿಲ್ಲ. ಏಳು ವರ್ಷದ ಮಗನ ಹಿಂದಿನ ಹಲ್ಲೊಂದು ಕಪ್ಪಾಗಿದೆ. ಹಾಲುಹಲ್ಲು ತಾನೇ, ಬಿದ್ದು ಹೋಗುತ್ತದೆ ಎನ್ನುತ್ತಾರೆ ಮನೆಯಲ್ಲಿ. ಊರಿಂದ ಅತ್ತೆ ಬಂದಿದ್ದಾರೆ. ಅವರು ಮೊದಲಿನಿಂದಲೂ ಕವಳ (ಎಲೆ-ಅಡಿಕೆ) ಹಾಕುವವರು, ಈಚೆಗೆ ಖಾರ ತಿಂದರೆ ಬಾಯಿ ಉರಿ ಎನ್ನುತ್ತಾರೆ. ಪುಣ್ಯಕ್ಕೆ ಯಾರಿಗೂ ಹಲ್ಲುನೋವು ಇಲ್ಲ. ಪೇಟೆಯಲ್ಲಿದ್ದುಕೊಂಡು ಹಲ್ಲು ನೋಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕೆಳಗಿನಿಂದ ಮೇಲಕ್ಕೆ ಓದಿದೆ. ಅತ್ತೆಯವರ ವಿಷಯವನ್ನು ನೀವು ಕೊನೆಗೆ, ಒಂದೆರಡು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಮೊದಲನೆಯದು. ಹಾಗಾಗಿ ಉತ್ತರವನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೆ ಮುಂಚೆ ಒಂದು ಮಾತು. ಪುಣ್ಯಕ್ಕೆ ಯಾರಿಗೂ ನೋವಿಲ್ಲ ಎಂದಿದ್ದೀರಿ. ಬಾಯಿಯ ವಿಷಯದಲ್ಲಿ ಆ ಸಮಾಧಾನವನ್ನು ನಂಬಬೇಡಿ. ಹಲ್ಲಿನ ಹುಳುಕು, ವಸಡಿನ ರೋಗ, ಬಾಯಿಯ ಕ್ಯಾನ್ಸರ್, ಈ ಮೂರೂ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹಲ್ಲಿನ ಮೇಲ್ಪದರವಾದ ಎನಾಮೆಲ್‌ನಲ್ಲಿ ನರವೇ ಇಲ್ಲ. ಹುಳುಕು ಅದನ್ನು ದಾಟಿ, ಒಳಗಿನ ಡೆಂಟಿನ್ ಪದರವನ್ನೂ ಕೊರೆದು, ನರದ ಹತ್ತಿರ ಹೋದ ಮೇಲೆ ನಿಮಗೆ ರಾತ್ರಿ ನಿದ್ದೆ ಕೆಡುತ್ತದೆ. ಮೊದಲೇ ಬಂದಿದ್ದರೆ ಒಂದು ಸಣ್ಣ ಫಿಲ್ಲಿಂಗ್ ಸಾಕಿತ್ತು. ಈಗ ರೂಟ್ ಕೆನಾಲ್ ಬೇಕು, ಮೇಲೆ ಕ್ಯಾಪ್ ಬೇಕು. ಖರ್ಚೂ ಜಾಸ್ತಿ, ಓಡಾಟವೂ ಜಾಸ್ತಿ.

ಈಗ ಅತ್ತೆಯವರ ವಿಷಯ. ಮೊದಲಿನಿಂದ ಕವಳ ಹಾಕುವವರಿಗೆ ಹೊಸದಾಗಿ ಖಾರ ಸೇರದಿದ್ದರೆ, ಅದನ್ನು ವಯಸ್ಸಾಯಿತು, ಉಷ್ಣವಾಯಿತು ಎಂದು ಬಿಡಬಾರದು. ಅಡಿಕೆಯ ರಸ ವರ್ಷಗಟ್ಟಲೆ ತಾಗಿ ಕೆನ್ನೆಯ ಒಳಚರ್ಮದ ಅಡಿಯಲ್ಲಿ ನಾರು ಬೆಳೆಯುತ್ತದೆ. ಮೊದಲು ಉರಿ. ಆಮೇಲೆ ಒಳಗೆಲ್ಲ ಬಿಳಿಚಿಕೊಳ್ಳುತ್ತದೆ. ಬೆರಳು ಆಡಿಸಿದರೆ ಹಗ್ಗದ ಎಳೆಯಂತೆ ಕೈಗೆ ಸಿಗುತ್ತದೆ. ಕ್ರಮೇಣ ಬಾಯಿ ಬಿಡುವುದೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಈ ಕಾಯಿಲೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಒಮ್ಮೆ ಗಟ್ಟಿಯಾದ ನಾರು ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಆದರೆ ಬೇಗ ಗೊತ್ತಾದರೆ ಅಲ್ಲಿಗೇ ತಡೆಯುವುದಕ್ಕೆ ಆಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರದೇ ಕೈಯ ಮಧ್ಯದ ಮೂರು ಬೆರಳನ್ನು ಜೋಡಿಸಿ, ಒಂದರ ಮೇಲೊಂದು ನಿಲ್ಲುವ ಹಾಗೆ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಹೆಚ್ಚಿನವರಿಗೆ ಮೂರು ಬೆರಳು ಸರಾಗವಾಗಿ ಹಿಡಿಸುತ್ತವೆ. ಎರಡೇ ಹಿಡಿಸಿದರೆ ಬಾಯಿ ಬಿಗಿದಿದೆ ಎಂದರ್ಥ. ಆಮೇಲೆ ಕಿಟಕಿ ಹತ್ತಿರ ಕೂರಿಸಿ, ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಕೆನ್ನೆಯ ಒಳಗೆ, ನಾಲಿಗೆಯ ಪಕ್ಕ, ನಾಲಿಗೆಯ ಅಡಿ, ಕವಳ ಒತ್ತರಿಸಿ ಇಟ್ಟುಕೊಳ್ಳುವ ಜಾಗ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಎರಡು ವಾರವಾದರೂ ಮಾಯದ ಹುಣ್ಣು? ಗಟ್ಟಿ ಗಂಟು? ಏನೂ ಕಾಣದಿದ್ದರೂ ಉರಿ ಇದೆಯಲ್ಲ, ಅಷ್ಟು ಸಾಕು. ಈ ವಾರವೇ ತೋರಿಸಿ. ರಕ್ತ ಕಡಿಮೆಯಾದಾಗ, ಬಿ12 ಕೊರತೆಯಾದಾಗ, ಬಾಯಲ್ಲಿ ಬೂಷ್ಟು ಬೆಳೆದಾಗಲೂ ಉರಿ ಬರುತ್ತದೆ. ಇವರ ಉರಿ ಯಾವುದರಿಂದ ಎನ್ನುವುದನ್ನು ಡಾಕ್ಟರು ನೋಡಿ ಹೇಳಬೇಕು. ಸಂಶಯ ಬಂದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎನ್ನುವ ಮಾತು ಕೇಳಿ ಹೆದರಬೇಡಿ. ಅದು ಸುಳ್ಳು.

"ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ, ಅಡಿಕೆ, ಸುಣ್ಣ" ಎಂದು ಹೇಳುವ ಹಿರಿಯರು ನನ್ನ ಹತ್ತಿರ ತುಂಬ ಜನ ಬರುತ್ತಾರೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು ಎನ್ನುವುದು ನಿಜ. ಆದರೆ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿಗೆ ಸೇರಿಸಿದೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಗುಂಪು ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯವರಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಮಕ್ಕಳ ಓದು, ಮದುವೆ, ಮನೆ ಎಲ್ಲ ಅಡಿಕೆಯಿಂದ ಆದದ್ದು. ಮನೆಗೆ ಬಂದವರಿಗೆ ಕವಳದ ತಬಕು ಮುಂದಿಡದಿದ್ದರೆ ಮರ್ಯಾದೆ ಅಲ್ಲ ಎಂದು ಬೆಳೆದವರು ನಾವು. ಆದರೂ ಹೇಳಬೇಕು. ಬಾಯಿ ಬಿಗಿದು, ತುತ್ತು ಒಳಗೆ ಹೋಗದೆ, ಗಂಜಿ ಕುಡಿದು ಬದುಕುವವರನ್ನು ನೋಡಿದ ಮೇಲೆ ಸುಮ್ನೆ ಇರಲು ಆಗುವುದಿಲ್ಲ.

ಅತ್ತೆಯವರನ್ನು ಬೈಯಬೇಡಿ. ಅಡಿಕೆಯೂ ಹೊಗೆಸೊಪ್ಪೂ ಚಟ ಹಿಡಿಸುವ ವಸ್ತುಗಳು. ಇಷ್ಟು ವರ್ಷದ ಅಭ್ಯಾಸ ಒಂದು ಮಾತಿಗೆ ಬಿಡುವುದಿಲ್ಲ. ಮೊದಲ ದಿನವೇ ಹೊಗೆಸೊಪ್ಪು ನಿಲ್ಲಲಿ. ಕೆನ್ನೆಯಲ್ಲಿ ಕವಳ ಇಟ್ಟುಕೊಂಡು ಮಲಗುವ ರೂಢಿ ಇದ್ದರೆ ಅದೂ ಅವತ್ತೇ ನಿಲ್ಲಲಿ. ಅಡಿಕೆ ಕಡಿಮೆ ಮಾಡುತ್ತಾ ಬಂದು ಬಿಡಲಿ. ಊಟವಾದ ಮೇಲೆ ಬಾಯಿಗೆ ಏನಾದರೂ ಬೇಕು ಅನಿಸಿದರೆ ಏಲಕ್ಕಿ, ಲವಂಗ, ಬಡೆಸೋಪು ಕೊಡಿ. ತಂಬಾಕು ಬಿಡಲು ನೆರವು ಬೇಕಾದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಕವಳದ ತಬಕನ್ನು ಕಣ್ಣಿಗೆ ಕಾಣದಲ್ಲಿ ಇಡಿ. ಸಣ್ಣ ವಿಷಯ ಅನಿಸಬಹುದು, ತುಂಬ ಕೆಲಸ ಮಾಡುತ್ತದೆ.

ಇನ್ನು ಮಗ. ಇಲ್ಲಿ ನಿಮ್ಮ ಮನೆಯವರು ಬಹಳ ಜನ ಮಾಡುವ ತಪ್ಪನ್ನೇ ಮಾಡುತ್ತಿರಬಹುದು. ಅವನ ಬಾಯಿ ತೆರೆಸಿ, ಆ ಕಪ್ಪು ಹಲ್ಲು ಎಷ್ಟನೆಯದು ಎಂದು ಎಣಿಸಿ. ಮುಂದೆ ಮಧ್ಯದಿಂದ ಶುರು ಮಾಡಿ ಒಂದು ಕಡೆಗೆ ಹೋಗಿ. ಬಿದ್ದುಹೋದ ಹಲ್ಲಿನ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಲುಹಲ್ಲು ಒಟ್ಟು 20, ಅಂದರೆ ಮೇಲೂ ಕೆಳಗೂ ಒಂದೊಂದು ಬದಿಗೆ ಐದೈದು. ಆರನೆಯದು ಕಂಡರೆ ಅದು ಹಾಲುಹಲ್ಲಲ್ಲ. ಆರು ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಎಲ್ಲದರ ಹಿಂದೆ ಸದ್ದಿಲ್ಲದೆ ಬರುವ ಶಾಶ್ವತ ದವಡೆಹಲ್ಲು ಅದು. ಹಲ್ಲು ಬಿದ್ದು ಬರುವುದಿಲ್ಲವಾದ್ದರಿಂದ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಹಾಳಾದರೆ ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಹನ್ನೆರಡು ವರ್ಷದ ಹುಡುಗರ ಬಾಯಲ್ಲಿ ಈ ಹಲ್ಲು ಬರೀ ಬುಡ ಉಳಿದಿರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಎಪ್ಪತ್ತು ವರ್ಷ ಅಗಿಯಬೇಕಾಗಿದ್ದ ಹಲ್ಲು ಅದು.

ನಾಲ್ಕನೆಯದೋ ಐದನೆಯದೋ ಆಗಿದ್ದರೆ ಹಾಲುಹಲ್ಲೇ ಸರಿ. ಆದರೆ ಹಿಂದಿನ ಹಾಲುಹಲ್ಲು ಬೀಳುವುದು 9ರಿಂದ 12 ವರ್ಷದ ನಡುವೆ. ಅಲ್ಲಿಯವರೆಗೆ ಅವನು ಅದರಲ್ಲೇ ಅಗಿಯಬೇಕು. ಕೀವಾದರೆ ಅಡಿಯಲ್ಲಿ ತಯಾರಾಗುತ್ತಿರುವ ಹೊಸ ಹಲ್ಲಿಗೂ ತೊಂದರೆ. ಬೇಗ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಮುಚ್ಚುತ್ತದೆ. ಆಮೇಲೆ ಬರುವ ಹಲ್ಲು ಜಾಗ ಸಿಗದೆ ಅಡ್ಡಾದಿಡ್ಡಿ ಬರುತ್ತದೆ. ಹಾಗಾಗಿ ಎರಡರಲ್ಲಿ ಯಾವುದಾದರೂ ಸರಿ, ತೋರಿಸಲೇಬೇಕು. ಹೊಸ ದವಡೆಹಲ್ಲು ಚೆನ್ನಾಗಿದ್ದರೆ ಅದರ ಮೇಲಿನ ಗೀರುಗಳನ್ನು ಸೀಲಂಟ್ ಎನ್ನುವ ತೆಳು ಪದರದಿಂದ ಮುಚ್ಚಬಹುದು. ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ಮಗುವಿಗೆ ನೋವೂ ಇಲ್ಲ. ಅದರ ಬಗ್ಗೆ ನೀವೇ ಬಾಯಿ ಬಿಟ್ಟು ಕೇಳಿ.

ಹುಳುಕು ಅಂದ ಮಾತ್ರಕ್ಕೆ ಅಲ್ಲಿ ಹುಳ ಇರುವುದಿಲ್ಲ. ಹೊಗೆ ಹಾಕಿ ಹುಳ ತೆಗೆಯುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಒಂದು ಸಲ ಸಿಹಿ ತಿಂದರೆ ಅರ್ಧ ಗಂಟೆಯವರೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬಾಯಿ ಹುಳಿಯಾಗಿರುತ್ತದೆ. ಆಮೇಲೆ ಜೊಲ್ಲು ಬಂದು ಸರಿ ಮಾಡುತ್ತದೆ, ಕರಗಿದ ಖನಿಜವನ್ನು ಸ್ವಲ್ಪ ವಾಪಸ್ಸೂ ಕೂರಿಸುತ್ತದೆ. ಜೊಲ್ಲಿಗೆ ಅಷ್ಟು ಬಿಡುವು ಕೊಡಬೇಕು. ಊರಿನಲ್ಲಿ ದೋಸೆಗೆ ಜೋನಿಬೆಲ್ಲ ಸುರಿದುಕೊಂಡು ತಿಂದರೂ ಅದು ಊಟದ ಜೊತೆಗೇ ಮುಗಿಯುತ್ತಿತ್ತು. ಪೇಟೆಯಲ್ಲಿ ಹಾಗಲ್ಲ. ಶಾಲೆಗೆ ಕ್ರೀಂ ಬಿಸ್ಕತ್ತು, ಸಂಜೆ ಬೇಕರಿ, ಟ್ಯಾಗೋರ್ ಕಡಲತೀರಕ್ಕೆ ಹೋದರೆ ಐಸ್‌ಕ್ರೀಂ, ಮನೆಗೆ ಬಂದು ಟಿವಿ ಮುಂದೆ ಜ್ಯೂಸ್. ಬಾಯಿಗೆ ಬಿಡುವೇ ಸಿಗುವುದಿಲ್ಲ. ಹಲ್ಲಿನ ಲೆಕ್ಕದಲ್ಲಿ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ದೊಡ್ಡದು. ಸಿಹಿ ಕೊಡುವುದಿದ್ದರೆ ಊಟದ ಜೊತೆಗೆ ಕೊಟ್ಟು ಮುಗಿಸಿ. ನಡುವೆ ಹಸಿವಾದರೆ ಶೇಂಗಾ, ಮಜ್ಜಿಗೆ, ಸೌತೆಕಾಯಿ, ಹಣ್ಣು ಇವೆ. ಬೆಲ್ಲ ಒಳ್ಳೆಯದು ಎಂದು ಜಾಸ್ತಿ ಕೊಡುವವರಿದ್ದಾರೆ. ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಅಂಟುವ ಬೆಲ್ಲದ ಮಿಠಾಯಿಯಂತೂ ಹಲ್ಲಿನ ಸಂದಿಯಲ್ಲಿ ಇನ್ನೂ ಹೆಚ್ಚು ಹೊತ್ತು ಕೂರುತ್ತದೆ.

ರಾತ್ರಿ ಹಲ್ಲುಜ್ಜುವುದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ನಿದ್ದೆಯಲ್ಲಿ ಜೊಲ್ಲು ತುಂಬ ಕಡಿಮೆಯಾಗುತ್ತದೆ, ಹಲ್ಲಿಗೆ ಕಾವಲು ಇರುವುದಿಲ್ಲ. ಮಗನಿಗೆ ಏಳು ವರ್ಷವಾದರೂ ಅವನ ಕೈ ಹಿಂದಿನ ಹಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಅವನು ಉಜ್ಜಿದ ಮೇಲೆ ನೀವು ಒಮ್ಮೆ ಉಜ್ಜಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಹಾಕುವುದು ದಂಡ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, 1000 ಪಿಪಿಎಂ ಹತ್ತಿರ ಇದ್ದರೆ ಒಳ್ಳೆಯದು, ಪೊಟ್ಟಣದ ಮೇಲೆ ಬರೆದಿರುತ್ತದೆ. ಉಜ್ಜಿದ ಮೇಲೆ ನೊರೆ ಉಗುಳಬೇಕು, ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ತೊಳೆದು ಹೋಗುತ್ತದೆ. ಇದು ನಿಮ್ಮೆಲ್ಲರಿಗೂ ಅನ್ವಯ.

ಯಜಮಾನರಿಗೆ ಈ ಭಾಗವನ್ನು ಓದಿ ಹೇಳಿ. ಆರೋಗ್ಯವಾಗಿರುವ ವಸಡಿನಿಂದ ರಕ್ತ ಬರುವುದಿಲ್ಲ. ಕೈ ತೊಳೆಯುವಾಗ ಕೈಯಿಂದ ರಕ್ತ ಬಂದರೆ ನಾವು ಬಿಡುತ್ತೇವಾ? ಹಲ್ಲಿನ ಬುಡಕ್ಕೆ ಪಾಚಿಯಂತೆ ಕಟ್ಟುವ ಪದರವನ್ನು ದಿನಾ ತೆಗೆಯದಿದ್ದರೆ ಅದು ಕೆಲವೇ ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ವಸಡು ಊದುತ್ತದೆ, ಒಳಗೆ ಹಲ್ಲು ಹಿಡಿದಿರುವ ಎಲುಬು ನಿಧಾನಕ್ಕೆ ಸವೆಯುತ್ತದೆ. ಹಲ್ಲು ಸಡಿಲಾಗುವುದು ಅದರಿಂದ. ಕ್ಲೀನ್ ಮಾಡಿಸಿದ್ದರಿಂದ ಅಲ್ಲ. ಹಲ್ಲು ಮೊದಲೇ ಸಡಿಲಾಗಿರುತ್ತದೆ. ನಡುವೆ ತುಂಬಿಕೊಂಡ ಆ ಗಟ್ಟಿ ಪದರವೇ ಗಾರೆಯಂತೆ ಹಿಡಿದುಕೊಂಡಿರುತ್ತದೆ. ತೆಗೆದ ಮೇಲೆ ಸಂದಿ ಕಾಣುತ್ತದೆ, ನಾಲಿಗೆಗೆ ಖಾಲಿ ಖಾಲಿ ಅನಿಸುತ್ತದೆ, ತಣ್ಣಗಿನದು ಸ್ವಲ್ಪ ದಿನ ತಾಗುತ್ತದೆ. ಜನ ಅದನ್ನೇ ಸಡಿಲಾಯಿತು ಎನ್ನುತ್ತಾರೆ. ಕಾರವಾರದಲ್ಲಿ ಮೀನುಗಾರರು ದೋಣಿ ದಡಕ್ಕೆಳೆದು ತಳಕ್ಕೆ ಹತ್ತಿದ ಚಿಪ್ಪು ಕೆರೆಯುವುದನ್ನು ನೀವು ನೋಡಿರಬಹುದು. ಕೆರೆದದ್ದರಿಂದ ದೋಣಿ ಹಾಳಾಯಿತು ಎಂದು ಯಾರೂ ಹೇಳುವುದಿಲ್ಲ ಅಲ್ವಾ?

ಅವರಿಗೆ ಶುಗರ್ ಇರುವುದರಿಂದ ಇದು ಇನ್ನೂ ಮುಖ್ಯ. ಶುಗರ್ ಹೆಚ್ಚಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಒಂದು ಇನ್ನೊಂದನ್ನು ಎಳೆಯುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ರಿಪೋರ್ಟ್ ಹಿಡಿದುಕೊಂಡು ಹೋಗಲಿ. ಬೆಳಗಿನ ಹೊತ್ತು ಹೋಗಲಿ. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಹೋಗಲಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಲಿ, ತಾವೇ ನಿಲ್ಲಿಸುವುದು ಬೇಡ. ಮೊದಲ ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ ತೋರಿಸಬೇಕಾಗಬಹುದು. ನೀವು, ಮಗ ಆರು ತಿಂಗಳಿಗೊಮ್ಮೆ ಹೋದರೆ ಸಾಕು. ರಕ್ತ ಬರುತ್ತದೆ ಎಂದು ಅವರು ಆ ಜಾಗ ಬಿಟ್ಟು ಉಜ್ಜುತ್ತಿರಬಹುದು. ಅದು ತಪ್ಪು. ಮೆತ್ತಗಿನ ಬ್ರಷ್‌ನಲ್ಲಿ ಅಲ್ಲೇ ನಿಧಾನ ಉಜ್ಜಬೇಕು. ಕ್ಲೀನಿಂಗ್ ಆದ ಮೇಲೆ ಹೀಗೆ ಉಜ್ಜುತ್ತಾ ಹೋದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಹಲ್ಲಿನ ಸಂದಿಗೆ ಹಿಡಿಕಡ್ಡಿ, ಪಿನ್ನು ಹಾಕುವುದು ಬೇಡ. ಸಂದಿಗೆಂದೇ ಪುಟ್ಟ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಎಲ್ಲಿಗೆ ಹೋಗುವುದು? ಇದಕ್ಕೆಲ್ಲ ಗೋವಾದ ಬಾಂಬೋಲಿಗೋ ಧಾರವಾಡಕ್ಕೋ ಓಡಬೇಕಾಗಿಲ್ಲ. ಕ್ಲೀನಿಂಗ್, ಫಿಲ್ಲಿಂಗ್, ರೂಟ್ ಕೆನಾಲ್ ಕಾರವಾರದಲ್ಲೂ ಶಿರಸಿಯಲ್ಲೂ ಆಗುತ್ತವೆ. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಮೊದಲು ತೋರಿಸಿ. ಹಲ್ಲೆಲ್ಲ ಹೋದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ. ನೆರೆಹೊರೆಯಲ್ಲಿ ಅಂಥವರಿದ್ದರೆ ಅಲ್ಲಿ ವಿಚಾರಿಸಲು ಹೇಳಿ. ಖಾಸಗಿ ಕ್ಲಿನಿಕ್ಕಿಗೆ ಹೋದರೆ ಮೂರು ವಿಷಯ ನೋಡಿ. ಡಾಕ್ಟರು ಬಿಡಿಎಸ್ ಓದಿ ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದಾರಾ? ಸಲಕರಣೆಗಳನ್ನು ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು), ಮುಚ್ಚಿದ ಚೀಲದಿಂದ ನಿಮ್ಮೆದುರೇ ತೆಗೆಯುತ್ತಾರಾ? ಕೆಲಸ ಶುರು ಮಾಡುವ ಮೊದಲು ಎಕ್ಸ್‌ರೇ ತೋರಿಸಿ, ಏನು ಮಾಡುತ್ತೇವೆ, ಎಷ್ಟಾಗುತ್ತದೆ ಎಂದು ಹೇಳುತ್ತಾರಾ? ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ನೋಯುವ ಹಲ್ಲಿನ ಪಕ್ಕ ನೋವಿನ ಮಾತ್ರೆ ಒತ್ತರಿಸಿ ಇಡಬೇಡಿ, ವಸಡು ಸುಟ್ಟು ಹುಣ್ಣಾಗುತ್ತದೆ. ಲವಂಗದ ಎಣ್ಣೆ ಒಂದು ರಾತ್ರಿ ಕಳೆಯಲು ನೆರವಾಗಬಹುದು, ರೋಗ ವಾಸಿ ಮಾಡುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಹಲ್ಲಿನ ಕಾರಣಕ್ಕೆ ಮುಖ ಅಥವಾ ಕುತ್ತಿಗೆ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಮಳೆ ನೋಡಬೇಡಿ, ರಾತ್ರಿ ನೋಡಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಬಿಸಿ ಶಾಖ ಕೊಡುತ್ತಾ ಬೆಳಗಾಗಲಿ ಎಂದು ಕಾಯಬಾರದು.

ಕೊನೆಗೆ ನಿಮ್ಮ ಹಲ್ಲು. ಎಷ್ಟು ತಿಕ್ಕಿದರೂ ಹಳದಿ ಎಂದಿದ್ದೀರಿ. ತಿಕ್ಕಿದ್ದಕ್ಕೇ ಹಳದಿಯಾಗಿರಬಹುದು. ಎನಾಮೆಲ್ ಅರೆಪಾರದರ್ಶಕ, ಅದರ ಅಡಿಯ ಡೆಂಟಿನ್ ಹಳದಿ. ಜೋರಾಗಿ ತಿಕ್ಕಿ ಮೇಲಿನದು ಸವೆದಷ್ಟೂ ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ತಣ್ಣೀರಿಗೆ ಜುಂ ಅನ್ನುವುದೂ ಅದರ ಗುರುತೇ ಇರಬಹುದು. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಗಟ್ಟಿ ಬ್ರಷ್ ಇದ್ದರೆ ಇವತ್ತೇ ಎಸೆಯಿರಿ. ಉಮಿಕರಿ, ಇದ್ದಿಲ ಪುಡಿ, ತರಿತರಿ ಹಲ್ಲುಪುಡಿ ಯಾವುದೂ ಬೇಡ. ಮೆತ್ತಗಿನ ಬ್ರಷ್ ಹಿಡಿದು, ವಸಡಿನ ಅಂಚಿಗೆ ಸ್ವಲ್ಪ ಓರೆಯಾಗಿ ಇಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತಾ ಎರಡು ನಿಮಿಷ ಉಜ್ಜಿ. ಪೆನ್ನು ಹಿಡಿದ ಹಾಗೆ ಬ್ರಷ್ ಹಿಡಿದರೆ ಕೈ ತಾನಾಗಿ ಹಗುರವಾಗುತ್ತದೆ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಅಪ್ಪೆಹುಳಿ, ಕೋಕಂ ಶರಬತ್ತು, ನಿಂಬೆ ಸೋಡಾ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಹುಳಿಗೆ ಮೆತ್ತಗಾದ ಎನಾಮೆಲ್ ಆಗ ಸುಲಭವಾಗಿ ಸವೆಯುತ್ತದೆ. ಬರೀ ನೀರಿನಲ್ಲಿ ಬಾಯಿ ತೊಳೆದು ಅರ್ಧ ಗಂಟೆ ಬಿಡಿ. ಅಪ್ಪೆಹುಳಿ ಬಿಡಿ ಎಂದು ನಾನು ಹೇಳುವುದಿಲ್ಲ. ಊಟದ ಜೊತೆಗೆ ಕುಡಿಯಿರಿ, ದಿನವಿಡೀ ಗುಟುಕು ಗುಟುಕಾಗಿ ಬೇಡ. ಜುಂ ಅನ್ನುವುದಕ್ಕೆಂದೇ ಇರುವ ಪೇಸ್ಟ್ ಬಳಸಬಹುದು. ಎರಡರಿಂದ ನಾಲ್ಕು ವಾರ ಬಿಡದೆ ಬಳಸಿದರೆ ಗುಣ ಕಾಣುತ್ತದೆ. ಒಂದೇ ಹಲ್ಲು ಜುಂ ಅಂದರೆ, ಅಥವಾ ಬಿಸಿಗೂ ನೋಯಲು ಶುರುವಾದರೆ ಪೇಸ್ಟ್ ನಂಬಿ ಕೂರಬೇಡಿ, ಅಲ್ಲಿ ಹುಳುಕು ಇರಬಹುದು.

ಬಿಳಿ ಮಾಡಿಸುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಚಹಾದ ಕಲೆ ಆಗಿದ್ದರೆ ಮಾಮೂಲಿ ಕ್ಲೀನಿಂಗ್‌ನಲ್ಲೇ ಅರ್ಧ ಹೋಗುತ್ತದೆ. ಬ್ಲೀಚಿಂಗ್ ಮಾಡಿಸಿದರೆ ಬಣ್ಣ ಬದಲಾಗುವುದು ನಿಜ, ಆದರೆ ಜುಂ ಅನ್ನುವುದು ಕೆಲವು ದಿನ ಹೆಚ್ಚಾಗುತ್ತದೆ. ಫಿಲ್ಲಿಂಗ್, ಕ್ಯಾಪ್‌ಗಳ ಬಣ್ಣ ಬದಲಾಗುವುದಿಲ್ಲ. ಈಗಿನ ಸ್ಥಿತಿಯಲ್ಲಿ ನಿಮಗೆ ಅದು ಬೇಡ. ಆ ದುಡ್ಡನ್ನು ಮೊದಲು ಮಗನ ಹಲ್ಲಿಗೆ ಹಾಕಿ. ಅವನನ್ನು ಕರೆದುಕೊಂಡು ಹೋಗುವ ದಿನವೇ ಅತ್ತೆಯವರನ್ನೂ ಹೊರಡಿಸಿ. "ನನಗೆಂತಕ್ಕೆ ಹಲ್ಲಿನ ಡಾಕ್ಟ್ರು" ಎಂದು ಅವರು ತಪ್ಪಿಸಿಕೊಳ್ಳಬಹುದು. ಮೊಮ್ಮಗನಿಗೆ ಹೆದರಿಕೆ ಆಗುತ್ತದೆ, ಧೈರ್ಯಕ್ಕೆ ಜೊತೆಗೆ ಬನ್ನಿ ಎಂದು ಕರೆಯಿರಿ. ಬರುತ್ತಾರೆ.